ಚುಕ್ಕಿಯಮ್ಮ ಒಪ್ಪಿಕೊಂಡ ತಪ್ಪು

ಆಕೆಗೆ ಚುಕ್ಕಿಯಮ್ಮ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಪ್ರೀತಿಯಿಂದ ಇಟ್ಟದ್ದಲ್ಲ ಎನ್ನುವುದು ಮಾತ್ರ ಖಾತ್ರಿ. ನಿಘಂಟು ಕಚೇರಿಯ ಮೂರನೇ ಮಹಡಿಯಲ್ಲಿ, ಚೀಟಿಗಳ ಕೋಣೆಯಲ್ಲಿ, ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತ ಹೆಂಗಸು ಅವಳು. ಎಂಥ ಘನ ಪಂಡಿತರೇ ಬರಲಿ, ಅವರ ಬರಹದಲ್ಲಿ ಚುಕ್ಕಿ ಇರಬೇಕಾದ ಕಡೆ ಚುಕ್ಕಿ ಇಲ್ಲದಿದ್ದರೆ ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದಳು. ಒಬ್ಬ ಪ್ರಾಧ್ಯಾಪಕರು, ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಚುಕ್ಕಿ ಯಾಕೆ ಎಂದು ಮೂಗು ಮುರಿದು, ಎಂಬತ್ತು ಪುಟ ಮೇಜಿನ ಮೇಲಿಟ್ಟು ಹೋಗಿದ್ದರಂತೆ. ಆ ಎಂಬತ್ತು ಪುಟ ಅವರಿಗಿಂತ ಮೊದಲು ಅವರ ಮನೆ ಸೇರಿತು ಎಂದು ಕಚೇರಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಚುಕ್ಕಿ ಎಂದರೆ ಏನೆಂದು ಹೇಳದೆ ಮುಂದೆ ಹೋದರೆ ಓದುವವರಿಗೆ ಅನ್ಯಾಯವಾಗುತ್ತದೆ. ಆ ಕಚೇರಿಯ ಕೆಲಸವೇ ಸ್ವಲ್ಪ ವಿಚಿತ್ರ. ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್ ಮುಂತಾದ ಸ್ಲಾವ್ ನುಡಿಗಳೆಲ್ಲ ಒಂದು ಕಾಲಕ್ಕೆ ಒಂದೇ ನುಡಿಯಾಗಿದ್ದವು. ಆ ಮೂಲ ನುಡಿಯನ್ನು ಆಡಿದವರು ಬೇಕಾದಷ್ಟು ಜನ, ಬರೆದಿಟ್ಟವರು ಒಬ್ಬರೂ ಇಲ್ಲ. ಫೋಟೋ ಇಲ್ಲದ ಮುತ್ತಜ್ಜಿಯ ಮೂಗು ಹೇಗಿತ್ತೆಂದು ಮರಿಮಕ್ಕಳ ಮೂಗು ನೋಡಿ ಅಂದಾಜು ಮಾಡುತ್ತೇವಲ್ಲ, ಹಾಗೆ ಮಗಳು ನುಡಿಗಳ ಪದಗಳನ್ನು ಪಕ್ಕಪಕ್ಕ ಇಟ್ಟು, ಮೂಲದ ಪದ ಹೀಗಿದ್ದಿರಬೇಕು ಎಂದು ಪಂಡಿತರು ಕಟ್ಟುತ್ತಾರೆ. ಹಾಗೆ ಕಟ್ಟಿದ ಪದದ ಎಡಕ್ಕೆ ನಕ್ಷತ್ರದ ಆಕಾರದ ಒಂದು ಸಣ್ಣ ಗುರುತು ಹಾಕಬೇಕು. ಅದೇ ಚುಕ್ಕಿ. ಇದನ್ನು ಯಾರೂ ಕಂಡಿಲ್ಲ, ನಾವು ಲೆಕ್ಕಾಚಾರದಿಂದ ಹೇಳುತ್ತಿದ್ದೇವೆ ಎಂದು ಓದುವವರಿಗೆ ಮೊದಲೇ ತಿಳಿಸುವ ಮರ್ಯಾದೆ ಅದು.

ಕಚೇರಿಯಲ್ಲಿ ಒಂದೊಂದು ಪದಕ್ಕೂ ಒಂದೊಂದು ಚೀಟಿ. ಗೋಡೆಯ ಈ ಕಡೆ 'ಕಂಡ ಪದ' ಎಂದು ಬರೆದ ಬೀರುಗಳು, ಆ ಕಡೆ 'ಕಟ್ಟಿದ ಪದ' ಎಂದು ಬರೆದ ಬೀರುಗಳು. ಕಟ್ಟಿದ ಪದದ ಚೀಟಿಯ ಮೇಲೆ ಕೆಂಪು ಶಾಯಿಯ ಚುಕ್ಕಿ, ಕಟ್ಟಿದವರ ಸಹಿ. ಕಂಡ ಪದದ ಚೀಟಿಯಲ್ಲಾದರೆ ಮಗಳು ನುಡಿಗಳ ಯಾವ ಹಳೆಯ ಹಸ್ತಪ್ರತಿ, ಅದಕ್ಕೆ ಒಟ್ಟು ಎಷ್ಟು ಹಾಳೆ, ಪದ ಎಷ್ಟನೇ ಹಾಳೆಯಲ್ಲಿ, ಕಂಡವರು ಯಾರು. ಅಚ್ಚಿಗೆ ಹೋಗುವ ಪದಗಳ ಪ್ರತಿ ಹಾಳೆಯ ಕೆಳಗೂ ಚೀಟಿ ಕೋಣೆಯವರು 'ನೋಡಿದೆ' ಎಂದು ಬರೆದು ರುಜು ಹಾಕಬೇಕು. ಆ ರುಜು ಬಹಳ ವರ್ಷದಿಂದ ಚುಕ್ಕಿಯಮ್ಮನದು.

ಆಕೆ ಪಂಡಿತಳೇನಲ್ಲ. ಕೆಲಸಕ್ಕೆ ಸೇರಿದಾಗ ಇದ್ದ ಬಂಡವಾಳ ದುಂಡಗಿನ ಅಕ್ಷರ ಮತ್ತು ಒಂದೇ ಕಡೆ ಕೂರುವ ತಾಳ್ಮೆ, ಎರಡೇ. ಆಗಿನ ಹಿರಿಯ ಸಂಪಾದಕರು ಈಕೆಯ ಅಕ್ಷರ ನೋಡಿ ಒಳಗೆ ಕರೆದುಕೊಂಡರು. ನಕಲು ಮಾಡುತ್ತ ಮಾಡುತ್ತ ಆಕೆ ಐದಾರು ನುಡಿಗಳ ಲಿಪಿ ಕಲಿತಳು, ಅರ್ಥ ಕಲಿತಳು, ಕೊನೆಗೆ ಅನುಮಾನಪಡುವುದನ್ನೂ ಕಲಿತಳು. ಆ ಹಿರಿಯರು ತೀರಿಕೊಳ್ಳುವ ವಾರ ಮೊದಲು ಆಕೆಯನ್ನು ಕರೆದು, ಬೀರುವಿನ ಬೀಗದ ಕೈಯನ್ನು ಅಂಗೈಯಲ್ಲಿಟ್ಟಿದ್ದರು. ಚುಕ್ಕಿಯಮ್ಮ ನೋಡಿದ್ದಾಳೆ ಎಂದರೆ ಮತ್ತೆ ನೋಡಬೇಕಿಲ್ಲ ಎಂಬ ಮಾತು ಅಲ್ಲಿಂದಾಚೆ ಕಚೇರಿಯಲ್ಲಿ ಚಾಲ್ತಿಗೆ ಬಂತು. ಆಕೆ ಸಂಪಾದಿಸಿದ್ದು ಆ ಒಂದು ಮಾತನ್ನೇ.

ಆ ಸಂಪಾದನೆಯಲ್ಲಿ ಅರ್ಧ ಪಾಲು ಮನೆಯಲ್ಲಿದ್ದ ಅಕ್ಕನದು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಇವರ ಗಂಡಂದಿರು, ಅಣ್ಣ ತಮ್ಮ ಇಬ್ಬರೂ ಸೇರಿ ಒಂದು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು, ಮೇಲಿನ ಎರಡು ಕೋಣೆಯಲ್ಲಿ ಸಂಸಾರ. ಕಿರಿಸೊಸೆ ಕಚೇರಿಗೆ ಹೋಗುತ್ತಾಳೆಂದಾಗ ಅತ್ತೆ ಗಂಟುಮುಖ ಹಾಕಿಕೊಂಡು ಮೂರು ದಿನ ಊಟ ಬಿಟ್ಟಿದ್ದಳು. ಆಗ ಹಿರಿಸೊಸೆ, "ಅವಳು ಹೋಗ್ಲಿ ಬಿಡಿ ಅತ್ತೆ, ಒಲೆ ನಾನು ನೋಡ್ಕೋತೀನಿ" ಎಂದಳು. ಹೇಳಿದಂತೆಯೇ ನೋಡಿಕೊಂಡಳು. ಅತ್ತೆ ಹೋದಳು, ಅಕ್ಕನ ಗಂಡ ಹೋದ, ತಮ್ಮ ಒಬ್ಬನೇ ಅಂಗಡಿ ಬಾಗಿಲು ತೆಗೆಯತೊಡಗಿದ. ಅಕ್ಕ ಮಾತ್ರ ದಿನಾ ಬೆಳಿಗ್ಗೆ ಎಂಟೂವರೆಗೆ ಊಟದ ಡಬ್ಬಿ ಕಟ್ಟುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಈಗ ಪದದ ಕಥೆಗೆ ಬರುತ್ತೇನೆ. ಮೂಲ ಸ್ಲಾವ್ ನುಡಿಯಲ್ಲಿ ಓರಗಿತ್ತಿಗೆ 'ಯೆಂತ್ರಿ' ಎಂದಿದ್ದಿರಬೇಕು. ಬಹಳ ಹಳೆಯ ಮನೆತನದ ಪದ ಅದು. ಸಂಸ್ಕೃತದಲ್ಲಿ ಓರಗಿತ್ತಿಗೆ 'ಯಾತೃ' ಎನ್ನುತ್ತಾರೆ. ಗ್ರೀಕ್, ಲ್ಯಾಟಿನ್, ಲಿಥುವೇನಿಯನ್ ನುಡಿಗಳಲ್ಲೂ ಇದರ ದಾಯಾದಿಗಳಿದ್ದಾರೆ. ತೀರಾ ಹಿಂದೆ ಇದಕ್ಕೆ ವಿಭಕ್ತಿ ಹತ್ತುವಾಗ 'ತಾಯಿ' ಎಂಬ ಪದದ ಜಾಡಿನಲ್ಲೇ ನಡೆಯುತ್ತಿತ್ತು. ತಾಯಿಯ ಎನ್ನಲು 'ಮಾತೆರೆ' ಎಂದ ಹಾಗೆ, ಓರಗಿತ್ತಿಯ ಎನ್ನಲು 'ಯೆಂತೆರೆ' ಎಂದಿದ್ದಿರಬೇಕು. ಆಮೇಲೆ ಏನಾಯಿತೋ, ಅದು ತಾಯಿಯ ಜಾಡು ಬಿಟ್ಟು ಅತ್ತೆಯ ಜಾಡು ಹಿಡಿಯಿತು. ಅತ್ತೆ ಎಂದರೆ 'ಸ್ವೆಕ್ರಿ', ಅತ್ತೆಯ ಎಂದರೆ 'ಸ್ವೆಕ್ರುವೆ'. ಅದನ್ನು ನೋಡಿ ಓರಗಿತ್ತಿಯೂ 'ಯೆಂತ್ರುವೆ' ಎಂದು ಬದಲಾದಳು. ಇದನ್ನು ಚುಕ್ಕಿಯಮ್ಮ ಹೊಸದರಲ್ಲಿ ಮನೆಯಲ್ಲಿ ಹೇಳಿದಾಗ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ನಾವಿಬ್ಬರೂ ಮಾತ್ರ ಆ ಜಾಡು ಹಿಡಿಯುವುದು ಬೇಡ ಎಂದಿದ್ದಳು.

ತಾಯಿಯ ಜಾಡಿನ ಆ ಹಳೆಯ 'ಯೆಂತೆರೆ'ಯನ್ನು ಕಟ್ಟಿದವರು ಹಿರಿಯ ಸಂಪಾದಕರು. ಅದನ್ನು ಬರೆದ ಹಾಳೆಯನ್ನು ಅವರೂ ಕಂಡಿರಲಿಲ್ಲ, ಕಚೇರಿಯ ಇನ್ನೊಬ್ಬರೂ ಕಂಡಿರಲಿಲ್ಲ.

ಚುಕ್ಕಿಯಮ್ಮನ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ನಿಘಂಟಿನ ಹೊಸ ಆವೃತ್ತಿಯ ಮೊದಲ ಸಂಪುಟ ಸಿದ್ಧವಾಯಿತು. ಈಗಿನ ಮುಖ್ಯ ಸಂಪಾದಕರು ಬಂದು ಐದು ವರ್ಷ. ಮುನ್ನುಡಿಯನ್ನು ಅವರೇ ಬರೆದು, ಕಾಯುವ ಪುರುಸೊತ್ತಿಲ್ಲದೆ ಚೀಟಿ ಕೋಣೆಗೆ ಕಳಿಸದೆಯೇ ಅಚ್ಚು ಮಾಡಿಸಿಬಿಟ್ಟಿದ್ದರು. ಅದರ ಹೆಗ್ಗಳಿಕೆಯೆಲ್ಲ ಯೆಂತೆರೆಯ ಮೇಲೆ ನಿಂತಿತ್ತು. ಈವರೆಗೆ ಪಂಡಿತರು ಬರೀ ಊಹಿಸಿದ್ದ ಈ ರೂಪ ಮಗಳು ನುಡಿಯೊಂದರ ಹಳೆಯ ಬರಹದಲ್ಲಿ ನಿಜಕ್ಕೂ ಸಿಕ್ಕಿದೆ, ಮೂರು ದೊಡ್ಡ ಗ್ರಂಥಗಳು ಇದಕ್ಕೆ ಸಾಕ್ಷಿ ಎಂದು ಬರೆದಿದ್ದರು. ಹೊರಗಿನ ವಿದ್ವಾಂಸರನ್ನು ಕರೆಸಿ ಸಭೆ ಮಾಡುವುದೂ ನಿಗದಿಯಾಗಿತ್ತು. ಉಳಿದ ಹಾಳೆಗಳು ಮಾತ್ರ ರುಜುವಿಗಾಗಿ ಮೇಲಕ್ಕೆ ಬಂದವು.

ಆಕೆ ಎಂದಿನಂತೆ ಸಾಕ್ಷಿ ಹುಡುಕಲು ಕೂತಳು. ಮೂರನೇ ಗ್ರಂಥ ತೆಗೆದರೆ ಅದು ಎರಡನೆಯದನ್ನು ನೋಡಿ ಎಂದಿತ್ತು. ಎರಡನೆಯದು ಮೊದಲನೆಯದನ್ನು ನೋಡಿ ಎಂದಿತ್ತು. ಮೊದಲನೆಯದು ತೋರಿಸಿದ್ದು ಈ ಕಚೇರಿಯೇ ಮೂವತ್ತೊಂದು ವರ್ಷದ ಹಿಂದೆ ಕಂಡ ಪದದ ಚೀಟಿಗಳಿಂದ ಅಚ್ಚು ಹಾಕಿದ ಒಂದು ತೆಳು ಪುಸ್ತಿಕೆಯನ್ನು. ನಾವೇ ಆಡಿದ ಮಾತು ಊರೆಲ್ಲ ಸುತ್ತಿ, ಹೊಸ ಸುದ್ದಿಯೆಂದು ನಮ್ಮ ಮನೆ ಬಾಗಿಲಿಗೇ ಬಂದಿತ್ತು. ಆಕೆಗೆ ಮೊದಲು ನಗು ಬಂತು, ಯಾವನೋ ಬೇಜವಾಬ್ದಾರಿ ಮನುಷ್ಯ ಚುಕ್ಕಿ ಬಿಟ್ಟಿದ್ದಾನೆ, ಇವತ್ತು ಅವನ ಜನ್ಮ ಜಾಲಾಡುತ್ತೇನೆ ಎಂದುಕೊಂಡೇ 'ಕಂಡ ಪದ'ದ ಬೀರು ತೆಗೆದಳು.

ಚೀಟಿ ಸಿಕ್ಕಿತು. ಚುಕ್ಕಿ ಇರಲಿಲ್ಲ. ಹಸ್ತಪ್ರತಿಯ ಹೆಸರು, ಹಾಳೆಯ ಸಂಖ್ಯೆ ಎರಡೂ ಖಾಲಿ. ಅಕ್ಷರ ದುಂಡಗಿತ್ತು.

ಆ ದುಂಡು ಅಕ್ಷರವನ್ನು ಆಕೆ ಎಲ್ಲಿ ಕಂಡರೂ ಗುರುತಿಸುತ್ತಿದ್ದಳು, ಯಾಕೆಂದರೆ ಅದು ಆಕೆಯದೇ. ಗೋಡೆಯ ಆ ಕಡೆಗೆ ಹೋಗಿ ಅದೇ ದಿನಾಂಕದ ಬೇರೆ ಚೀಟಿಗಳನ್ನು ತೆಗೆದಳು. ಅವುಗಳ ಮೇಲೆಲ್ಲ ಚುಕ್ಕಿ ಇತ್ತು, ಆದರೆ ಕೆಂಪಲ್ಲ, ನೇರಳೆ. ನೇರಳೆ ಬಣ್ಣ ನೋಡಿದ ಕೂಡಲೇ ಇಡೀ ದಿನ ನೆನಪಾಯಿತು. ಕೆಲಸಕ್ಕೆ ಸೇರಿ ಎರಡನೇ ವಾರ, ಕೆಂಪು ಶಾಯಿ ಮುಗಿದಿತ್ತು. ಚುಕ್ಕಿ ಆಮೇಲೆ ಹಾಕಿದರಾಯಿತು ಎಂದು ಬೆಳಗಿನಿಂದ ಬರೀ ಪದ ಬರೆದುಕೊಂಡು ಹೋದಳು. ಸಂಜೆ ಹಾಜರಿ ಪುಸ್ತಕದ ಗುಮಾಸ್ತರಿಂದ ನೇರಳೆ ಶಾಯಿ ಕೇಳಿ ತಂದು, ಒಂದೇ ಉಸಿರಿಗೆ ಎಲ್ಲದಕ್ಕೂ ಚುಕ್ಕಿ ಇಟ್ಟಳು. ಎಲ್ಲೋ ಎರಡು ಚೀಟಿ ಅಂಟಿಕೊಂಡಿರಬೇಕು. ಕೆಳಗಿನದಕ್ಕೆ ಚುಕ್ಕಿ ಬೀಳಲಿಲ್ಲ. ಚುಕ್ಕಿ ಇಲ್ಲದ್ದನ್ನು ಕಂಡ ಪದವೆಂದು ಈ ಕಡೆ ಬೀರುವಿಗೆ ಹಾಕಿದವಳೂ ತಾನೇ. ಆ ಪದಗಳನ್ನು ಯಾವುದರಿಂದ ನಕಲು ಮಾಡಿದ್ದಳೋ, ಹಿರಿಯ ಸಂಪಾದಕರ ಆ ಪೆನ್ಸಿಲ್ ಪುಸ್ತಕವನ್ನೂ ತೆಗೆದು ನೋಡಿದಳು. ಅದರಲ್ಲಿ ಯೆಂತೆರೆಯ ಎಡಕ್ಕೆ ಚುಕ್ಕಿ ಹುಣಸೆಬೀಜದಷ್ಟು ದಪ್ಪಗಿತ್ತು.

ಲೋಕಕ್ಕೆಲ್ಲ ಚುಕ್ಕಿಯ ಪಾಠ ಹೇಳಿದವಳು ತಾನು. ಎಂಬತ್ತು ಪುಟ ವಾಪಸು ಕಳಿಸಿದವಳು ತಾನು. ಆಕೆಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ, ಚೀಟಿ ಬೆರಳುದ್ದದ್ದು, ಕಿಟಕಿ ತೆರೆದಿತ್ತು. ಹರಿದು ಕಿಟಕಿಯಾಚೆ ಬಿಟ್ಟಿದ್ದರೆ ಯಾವ ದೇವರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಅನಿಸಿದ್ದೂ ನಿಜ; ಅನಿಸಲಿಲ್ಲ ಎಂದು ನಾನು ಬರೆದರೆ ಆಕೆಯೇ ಈ ಬರಹವನ್ನು ವಾಪಸು ಕಳಿಸುತ್ತಾಳೆ. ಒಂದು ಲೋಟ ನೀರು ಕುಡಿದು, ಚೀಟಿಯನ್ನೂ ಪೆನ್ಸಿಲ್ ಪುಸ್ತಕವನ್ನೂ ಕೈಯಲ್ಲಿ ಹಿಡಿದು, ಮುಖ್ಯ ಸಂಪಾದಕರ ಕೋಣೆಗೆ ಇಳಿದಳು.

ಮುಖ್ಯ ಸಂಪಾದಕರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವರು ಬಾಗಿಲು ಮುಂದೆ ಮಾಡಿ, ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮುನ್ನುಡಿ ಅಚ್ಚಾಗಿದೆ, ವಿದ್ವಾಂಸರಿಗೆ ಆಹ್ವಾನ ಹೋಗಿಯಾಗಿದೆ, ಮೂವತ್ತೊಂದು ವರ್ಷದಲ್ಲಿ ಒಬ್ಬನೂ ಕೇಳದ್ದನ್ನು ಈಗ ನಾವಾಗಿ ಎತ್ತುವುದು ಯಾವ ಜಾಣತನ ಎಂದು ಮೆತ್ತಗೆ ಕೇಳಿದರು. ಆಮೇಲೆ ಚೀಟಿಯನ್ನು ಆಕೆಯ ಕಡೆ ಸರಿಸಿ, ಬೆರಳಿನಿಂದ ಖಾಲಿ ಜಾಗ ತೋರಿಸಿದರು.

"ಇಲ್ಲಿ 'ಪ್ರತಿ ಕಳೆದುಹೋಗಿದೆ' ಅಂತ ಬರೆದುಬಿಡಿ. ಎರಡು ಪದ, ಅಷ್ಟೇ."

"ಕಳೆದುಹೋಗೋಕೆ ಮೊದಲು ಅದು ಇರಬೇಕಲ್ಲ ಸರ್."

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ನೋಡಿ, ಇದನ್ನ ಹೊರಗೆ ಹೇಳಿದ್ರೆ ಜನ ಒಂದು ಪದದ ಬಗ್ಗೆ ಮಾತಾಡಲ್ಲ. ನಿಮ್ಮ ಕೈ ದಾಟಿದ ಎರಡು ಲಕ್ಷ ಚೀಟಿ ಬಗ್ಗೆ ಮಾತಾಡ್ತಾರೆ. ಇನ್ನೂ ಎಷ್ಟು ಬಿಟ್ಟಿದ್ದಾಳೋ ಅಂತಾರೆ. ಇಡೀ ಆಯುಷ್ಯದ ಕೆಲಸಕ್ಕೆ ನೀವೇ ಮಸಿ ಬಳಿತೀರಾ?"

ಈ ಮಾತು ನಾಟಿತು. ರುಜು ಹಾಕುವುದಿಲ್ಲ ಎಂದಷ್ಟೇ ಹೇಳಿ, ಚಹಾ ಮುಟ್ಟದೆ ಎದ್ದು ಬಂದಳು. ಅವತ್ತು ಬಸ್ಸು ಹತ್ತಲಿಲ್ಲ. ಸೇತುವೆ ದಾಟಿ, ಬೀಗದ ಅಂಗಡಿಗಳ ಸಾಲು ದಾಟಿ, ಕಾಲು ನೋಯುವವರೆಗೆ ನಡೆದಳು. ತನ್ನ ಹೆಸರು ಹೋಗುತ್ತದೆ ಎನ್ನುವುದಕ್ಕಿಂತ, ಅದನ್ನು ಅಕ್ಕನಿಗೆ ಹೇಳುವುದು ಹೇಗೆ ಎನ್ನುವುದೇ ಹೆಚ್ಚು ಸುಡುತ್ತಿತ್ತು. ಆ ಹೆಸರು ಬರಲೆಂದು ಮೂವತ್ತೊಂದು ವರ್ಷ ಒಲೆಯ ಮುಂದೆ ನಿಂತವಳು ಅವಳು.

ಅಕ್ಕ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಚುಕ್ಕಿಯಮ್ಮ ಎದುರಿಗೆ ಕೂತು, ತಾನೂ ಒಂದು ಕಂತೆ ಎಳೆದುಕೊಂಡು, ತಲೆ ಎತ್ತದೆ ಎಲ್ಲ ಹೇಳಿದಳು. ಅಕ್ಕ ಮೊದಲು ಬೈದಳು. ಒಂದು ಚುಕ್ಕಿ ಬಿಟ್ಟರೆ ಯಾರ ಮನೆ ಮುಳುಗಿತು, ಸತ್ತವರು ಆಡಿದ ಮಾತಿಗೆ ಬದುಕಿರುವವಳು ಯಾಕೆ ತಲೆ ಕೊಡಬೇಕು, ಇನ್ನು ನಾಲ್ಕು ತಿಂಗಳು ತುಟಿ ಪಿಟಕ್ಕೆನ್ನದೆ ಕಳೆದರೆ ನೆಮ್ಮದಿಯಾಗಿ ಮನೆಯಲ್ಲಿರಬಹುದಲ್ಲ ಎಂದಳು. ಅಕ್ಕನಿಂದ ಆ ಮಾತು ಬಂದದ್ದಕ್ಕೆ ಚುಕ್ಕಿಯಮ್ಮನಿಗೆ ಸಂಕಟವಾಯಿತು. ಆಗಲ್ಲ ಅಕ್ಕ, ಎಂದಳು. ಅಕ್ಕ ಸೊಪ್ಪಿನ ಕಡ್ಡಿಯನ್ನು ಪಟ್ಟೆಂದು ಮುರಿದಳು.

ಆಮೇಲೆ ಅಕ್ಕ, ಆ ಸಂಪಾದಕ ಇನ್ನೇನೇನು ಹೇಳಿದ ಎಂದು ಕೇಳಿದಳು. ಎರಡು ಲಕ್ಷ ಚೀಟಿಯನ್ನೂ ಜನ ಅನುಮಾನಿಸುತ್ತಾರೆ ಎಂದು ಹೆದರಿಸಿದ ಎನ್ನುವುದನ್ನು ಚುಕ್ಕಿಯಮ್ಮ ಹೇಳಿದಳು. ಅಕ್ಕನ ಕೈ ನಿಂತಿತು.

"ಅನುಮಾನ ಪಡ್ಲಿ. ನಾನು ಈ ಮನೇಲಿ ಎಷ್ಟು ಸಲ ಅಡುಗೆ ಸೀಯಿಸಿಲ್ಲ? ಸೀದ ದಿನ ಸೀದಿದೆ ಅಂತ ಹೇಳೇ ಬಡಿಸಿದ್ದೀನಿ. ಮಾರನೇ ದಿನ ಯಾರೂ ತಟ್ಟೆ ಬಿಟ್ಟು ಎದ್ದು ಹೋಗ್ಲಿಲ್ಲ. ಮುಚ್ಚಿಟ್ಟು ಬಡಿಸಿದ್ರೆ ಎದ್ದು ಹೋಗ್ತಿದ್ರು."

ಹೀಗೆಂದು, ಬಿಡಿಸಿದ ಸೊಪ್ಪನ್ನೆಲ್ಲ ಬಾಚಿಕೊಂಡು ಎದ್ದಳು. ಎದ್ದವಳು ತಿರುಗಿ, ಸಭೆಗೆ ಯಾವ ಸೀರೆ ಉಡುತ್ತೀಯ ಎಂದು ಕೇಳಿದಳು. ಚುಕ್ಕಿಯಮ್ಮನಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಬಂದೇ ಬಿಟ್ಟಿತು. ಆಕೆ ಅತ್ತದ್ದು ಅಷ್ಟೇ, ಒಂದೇ ಸಲ, ಅಡುಗೆಮನೆಯಲ್ಲಿ.

ಮಾರನೇ ದಿನದಿಂದ ಸಭೆಯವರೆಗೆ ಹತ್ತು ದಿನ. ಯೆಂತೆರೆ ಇದ್ದ ಹಾಳೆ ಮೂರು ಸಲ ರುಜುವಿಗೆ ಬಂತು, ಮೂರು ಸಲವೂ ರುಜುವಿಲ್ಲದೆ ಇಳಿಯಿತು. ನಾಲ್ಕನೇ ಸಲ ಮುಖ್ಯ ಸಂಪಾದಕರು ತಾವೇ ರುಜು ಹಾಕಿ ಅಚ್ಚಿನ ಮನೆಗೆ ಕಳಿಸಿದರು. ಮುನ್ನುಡಿ ಬರೀ ಮಾತು ಎಂದು ಹಾಕಿಕೊಟ್ಟಿದ್ದ ಅಚ್ಚಿನ ಮನೆಯ ಹಳೆಯ ಮೇಸ್ತ್ರಿ, ಪದಗಳ ಹಾಳೆಯನ್ನು ಚೀಟಿ ಕೋಣೆಯ ರುಜು ಇಲ್ಲದೆ ಹತ್ತಿಪ್ಪತ್ತು ವರ್ಷದಿಂದ ಅಚ್ಚು ಹಾಕಿದವನಲ್ಲ. ಜಪ್ಪಯ್ಯ ಎಂದರೂ ಹಾಕಲಿಲ್ಲ. ಯಂತ್ರ ಕೆಟ್ಟಿದೆ ಎಂದು ಹೇಳಿ ಕೂತ. ಹೀಗಾಗಿ ಸಭೆಯ ದಿನ ಸಂಪುಟವಿರಲಿಲ್ಲ, ಮುನ್ನುಡಿ ಮಾತ್ರ ಇತ್ತು, ತೆಳು ರಟ್ಟಿನ ಹೊದಿಕೆಯಲ್ಲಿ.

ಕೆಳಗಿನ ದೊಡ್ಡ ಕೋಣೆಯಲ್ಲಿ ಸಭೆ. ನೂರು ಕುರ್ಚಿ, ಅರವತ್ತು ಜನ. ಮುಖ್ಯ ಸಂಪಾದಕರು ಚೆನ್ನಾಗಿ ಮಾತಾಡಿದರು; ಮಾತು ಅವರಿಗೆ ಒಲಿದಿತ್ತು. ಯೆಂತೆರೆಯ ವಿಷಯ ಬಂದಾಗ ಒಂದು ಕ್ಷಣ ಹಿಂದಿನ ಸಾಲಿನ ಕಡೆ ನೋಡಿ, ಕಣ್ಣು ತಪ್ಪಿಸಿ, ಮುನ್ನುಡಿಯಲ್ಲಿ ಇದ್ದುದನ್ನು ಇದ್ದ ಹಾಗೆಯೇ ಓದಿದರು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಅವರು ಅದನ್ನು ಕಂಡೂ ಕಾಣದಂತೆ ಬೇರೆ ಮೂವರಿಗೆ ಅವಕಾಶ ಕೊಟ್ಟರು. ಕೈ ಇಳಿಯಲಿಲ್ಲ. ಮೂವರೂ ಮುಗಿದ ಮೇಲೆ ಕೈಯ ಒಡತಿ ಎದ್ದು, ಕರೆಯದಿದ್ದರೂ ನೇರವಾಗಿ ಮುಂದಕ್ಕೆ ನಡೆದು ಬಂದಳು.

"ಯೆಂತೆರೆ ಅನ್ನೋದನ್ನ ಯಾರೂ ಕಂಡಿಲ್ಲ. ಹಿರಿಯ ಸಂಪಾದಕರು ಕಟ್ಟಿದ ಪದ ಅದು. ಅವರ ಪುಸ್ತಕದಲ್ಲಿ ಚುಕ್ಕಿ ಇದೆ, ಇಲ್ನೋಡಿ. ನಕಲು ಮಾಡುವಾಗ ಚುಕ್ಕಿ ಬಿಟ್ಟವಳು ನಾನು, ಇದು ನನ್ನ ಅಕ್ಷರ. ಮೂರು ಗ್ರಂಥದ ಸಾಕ್ಷಿ ಅಂತ ಈಗ ಓದಿದ್ರಲ್ಲ, ಆ ಮೂರೂ ನನ್ನ ತಪ್ಪನ್ನೇ ನಕಲು ಮಾಡಿವೆ."

ಚೀಟಿಯನ್ನೂ ಪುಸ್ತಕವನ್ನೂ ಮುಂದಿನ ಸಾಲಿನವರ ಕೈಗೆ ಕೊಟ್ಟಳು. ಅವು ಕೈಯಿಂದ ಕೈಗೆ ಹೋದವು. ಒಬ್ಬ ಹಿರಿಯ ವಿದ್ವಾಂಸರು, ಮೊದಲ ಗ್ರಂಥ ಅವರದೇ, ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕುತ್ತಿಗೆಯವರೆಗೆ ಕೆಂಪಾದರು. ಅವರೇ ಎದ್ದು, ಮುಖ್ಯ ಸಂಪಾದಕರು ಮೊದಲೇ ಹೇಳಿದ್ದ ಆ ಪ್ರಶ್ನೆಯನ್ನು ಕೇಳಿದರು. ಇಂಥದ್ದು ಇನ್ನೂ ಎಷ್ಟಿವೆ?

"ಗೊತ್ತಿಲ್ಲ," ಎಂದಳು ಚುಕ್ಕಿಯಮ್ಮ. "ಹುಡುಕಿ ಹೇಳ್ತೀನಿ. ತಮ್ಮ ಪುಸ್ತಕದಲ್ಲಿ ಎಷ್ಟಿವೆ ಅಂತ ತಾವೂ ಹುಡುಕಿ."

ಹಿರಿಯರ ಹತ್ತಿರ ಹಾಗೆಲ್ಲ ಮಾತಾಡಬಾರದು, ಒಪ್ಪುತ್ತೇನೆ. ಆದರೆ ಆ ಮಾತು ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಮುಂದಿನದು ನಿರೀಕ್ಷಿಸಿದ್ದೇ. ರಟ್ಟಿನ ಹೊದಿಕೆಯ ಮುನ್ನುಡಿಗಳನ್ನು ಮೂಟೆ ಕಟ್ಟಿ ಉಗ್ರಾಣಕ್ಕೆ ಹಾಕಿದರು. ಯೆಂತೆರೆಗೆ ಚುಕ್ಕಿ ಬಿತ್ತು, ಚುಕ್ಕಿಯಮ್ಮನ ಕೈಯಿಂದ ಬೀಗದ ಕೈ ಹೋಯಿತು. ಉಳಿದ ಅವಧಿಗೆ ಆಕೆಯನ್ನು ಕೆಳಮಹಡಿಯ ಟಪಾಲು ಮೇಜಿಗೆ ಹಾಕಿದರು, ಲಕೋಟೆಗೆ ವಿಳಾಸ ಬರೆಯುವ ಕೆಲಸ. ರಜೆ ಹಾಕಿ ಮನೆಯಲ್ಲಿರಿ ಎಂದು ಹಿತೈಷಿಗಳು ಹೇಳಿದರು. ಆಕೆ ಹಾಕಲಿಲ್ಲ. ಮೆಟ್ಟಿಲಲ್ಲಿ ಎದುರಾದವರು, ಇನ್ನು ಚುಕ್ಕಿಯಮ್ಮ ನೋಡಿದ್ದನ್ನು ಇನ್ನೊಬ್ಬರು ನೋಡಬೇಕು ಬಿಡಿ ಎಂದು ತಮಾಷೆ ಮಾಡಿದರು. ನೋಡಲೇಬೇಕು, ಮೊದಲಿಂದಲೂ ನೋಡಬೇಕಿತ್ತು, ಸೋಮಾರಿಗಳು ನೀವು ಎಂದು ಆಕೆ ನಗದೆ ಉತ್ತರ ಕೊಟ್ಟಳು.

ಆ ಕಚೇರಿಯಲ್ಲಿ ಯಾರಿಗೂ ನೆನಪಿಲ್ಲದ ಒಂದು ನಿಯಮವಿತ್ತು. ಓದುವ ಕೋಣೆಗೆ ಬಂದ ಯಾರೇ ಆಗಲಿ, ಅರ್ಜಿ ತುಂಬಿ ಕೊಟ್ಟರೆ ದಿನಕ್ಕೆ ಹತ್ತು ಚೀಟಿ ನೋಡಬಹುದು. ಚುಕ್ಕಿಯಮ್ಮ ಊಟದ ಬಿಡುವಿನಲ್ಲಿ ಅರ್ಜಿ ತುಂಬತೊಡಗಿದಳು. ತಾನು ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳ ಚೀಟಿಗಳಲ್ಲಿ, ಕಂಡ ಪದದ ಬೀರುವಿನಲ್ಲಿದ್ದವು ಸಾವಿರದ ಇನ್ನೂರು. ದಿನಕ್ಕೆ ಹತ್ತರಂತೆ ನೋಡಿದರೆ ನಿವೃತ್ತಿಯೊಳಗೆ ಮುಗಿಯುವುದಿಲ್ಲ ಎಂದು ಮನೆಯಲ್ಲಿ ಗೊಣಗಿದಳು. ಮರುದಿನ ಮಧ್ಯಾಹ್ನ ನೋಡಿದರೆ ಅಕ್ಕ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಡಬ್ಬಿ, ಮೂಗಿನ ಮೇಲೆ ಕನ್ನಡಕ. ಮೂವತ್ತೊಂದು ವರ್ಷದಲ್ಲಿ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಯಾರು ಬೇಕಾದರೂ ಹತ್ತು ನೋಡಬಹುದು ಎಂದರೆ ತಾನೂ ಯಾರೋ ತಾನೇ ಎಂದು ಗುಮಾಸ್ತರನ್ನು ಕೇಳಿದಳು. ಅರ್ಜಿಯಲ್ಲಿ 'ಸಂಸ್ಥೆಗೂ ನಿಮಗೂ ಸಂಬಂಧ' ಎಂಬ ಕಡೆ 'ಇಲ್ಲಿಯವರೆಗೆ ಊಟ ಕಳಿಸಿದ್ದೇನೆ' ಎಂದು ಬರೆದಳು. ಗುಮಾಸ್ತರು ಅದನ್ನು ಮೂರು ಸಲ ಓದಿ ಮೊಹರು ಒತ್ತಿದರು.

ಹೀಗೆ ದಿನಕ್ಕೆ ಇಪ್ಪತ್ತಾಯಿತು. ಅಕ್ಕನಿಗೆ ಆ ಲಿಪಿ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಹಾಳೆಯ ಸಂಖ್ಯೆ ಇದೆಯೋ ಇಲ್ಲವೋ ಎಂದು ಅವಳು ನೋಡುವುದು, ಉಳಿದದ್ದನ್ನು ಚುಕ್ಕಿಯಮ್ಮ ನೋಡುವುದು. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು. ಚುಕ್ಕಿಯಮ್ಮನ ಎರಡನೇ ತಪ್ಪು ಸಿಗಲಿಲ್ಲ. ಓದುವ ಕೋಣೆಯವರು ಮೊದಲು ಕಿಸಕ್ಕನೆ ನಗುತ್ತಿದ್ದರು, ಆಮೇಲೆ ಕೆಲವರು ತಮ್ಮ ಪಾಲಿನ ಹತ್ತನ್ನೂ ಅವರಿಬ್ಬರ ಮೇಜಿಗೆ ತಂದಿಟ್ಟು ಹೋಗತೊಡಗಿದರು.

ಮೂರನೇ ತಿಂಗಳ ಒಂದು ಮಧ್ಯಾಹ್ನ ಅಕ್ಕ ಒಂದು ಚೀಟಿ ಹಿಡಿದುಕೊಂಡು, "ಇದೇನೇ ಇದು? ಈ ಪುಸ್ತಕದಲ್ಲಿ ಒಟ್ಟು ತೊಂಬತ್ತು ಹಾಳೆ ಅಂತ ಇಷ್ಟು ಚೀಟೀಲಿ ಬರೆದಿದೆ. ಇಲ್ಲಿ ನೂರಹನ್ನೆರಡನೇ ಹಾಳೇಲಿ ಕಂಡೆ ಅಂತಿದೆ" ಎಂದಳು.

ಚುಕ್ಕಿಯಮ್ಮ ತೆಗೆದುಕೊಂಡು ನೋಡಿದಳು. ತೊಂಬತ್ತು ಹಾಳೆಯ ಪ್ರತಿಗೆ ನೂರಹನ್ನೆರಡನೇ ಹಾಳೆ ಇರುವುದಿಲ್ಲ. ಅಕ್ಷರ ದುಂಡಗಿರಲಿಲ್ಲ, ಬಲಕ್ಕೆ ವಾಲಿತ್ತು. ಕಂಡವರ ಜಾಗದಲ್ಲಿ ಇದ್ದದ್ದು ಹಿರಿಯ ಸಂಪಾದಕರ ಸಹಿ. ತನಗೆ ಲಿಪಿಯನ್ನೂ ಅನುಮಾನವನ್ನೂ ಕಲಿಸಿದವರು, ಬೀಗದ ಕೈ ಅಂಗೈಯಲ್ಲಿಟ್ಟವರು. ಆಕೆ ಅದೇ ಪ್ರತಿಯ ಬೇರೆ ಚೀಟಿಗಳನ್ನು ಪಕ್ಕದಲ್ಲಿಟ್ಟು ಒಂದೊಂದಾಗಿ ನೋಡಿದಳು. ಆಮೇಲೆ ಆಕೆ ಪೆನ್ನಿನ ಮುಚ್ಚಳ ತೆಗೆದು, ಸಿಕ್ಕ ತಪ್ಪುಗಳಿಗೆಂದು ತಾನಿಟ್ಟಿದ್ದ ಪಟ್ಟಿಯಲ್ಲಿ, ಯೆಂತೆರೆಯೂ ತನ್ನ ಹೆಸರೂ ಇದ್ದ ಮೊದಲ ಸಾಲಿನ ಕೆಳಗೆ ಪದ ಬರೆದು, ಹಾಳೆಯ ಸಂಖ್ಯೆ ಬರೆದು, ಹಿರಿಯರ ಹೆಸರನ್ನು ಪೂರ್ತಿಯಾಗಿ ಬರೆದಳು.

ಸುದ್ದಿ ಮೇಲಕ್ಕೆ ಹೋಗಲು ಹತ್ತು ನಿಮಿಷ ಹಿಡಿಯಿತು. ಮುಖ್ಯ ಸಂಪಾದಕರು ಮೆಟ್ಟಿಲಿಳಿದು ಬಂದು ಮೇಜಿನ ಪಕ್ಕ ನಿಂತರು. ಅವರಿಗೂ ಆ ಹಿರಿಯರು ಗುರುಗಳೇ. ಈ ಸಲ ಅವರ ದನಿಯಲ್ಲಿ ಹೆದರಿಸುವ ಧಾಟಿ ಇರಲಿಲ್ಲ, ನಿಜವಾದ ನೋವಿತ್ತು.

"ಅವರ ಹೆಸರನ್ನಾದ್ರೂ ಬಿಡಿ ಅಮ್ಮ."

"ನನ್ನ ಹೆಸರನ್ನೇ ಬಿಡಲಿಲ್ಲ ಸರ್. ಅವರದನ್ನ ಬಿಟ್ರೆ, ಅವರು ನನಗೇನೂ ಕಲಿಸಲಿಲ್ಲ ಅಂದ ಹಾಗಾಗುತ್ತೆ."

ಅವರು ನಿಂತೇ ಇದ್ದರು. ಅಕ್ಕ ಮುಂದಿನ ಚೀಟಿಯನ್ನು ಚುಕ್ಕಿಯಮ್ಮನ ಕಡೆ ಸರಿಸಿದಳು.